ಪೂಜೆಯಾದ ಪೆಟ್ಟಿಗೆ

ಅಂಜನಾ ಎಡ ಮೊಣಕಾಲಿನಿಂದ ಬೆಂಚಿಗೆ ಕಟ್ಟಿದ ಪೆಟ್ಟಿಗೆಯನ್ನು ಒತ್ತಿದಳು. ಸದ್ದು ಬರಲಿಲ್ಲ.

ಅದನ್ನು ಮಾಡಿಕೊಟ್ಟಿದ್ದ ಮೌನೇಶ್ವರಿ ಟೀಚರ್ ಗಾಬರಿಯಿಂದ ಪೆಟ್ಟಿಗೆಯತ್ತ ಬಗ್ಗಿದಳು. ನಿನ್ನೆ ಸಂಜೆ, ರೂಢಿಯಾಗಲಿ ಎಂದು ಹುಡುಗಿಯ ಮನೆಗೆ ಕಳಿಸುವಾಗ ಚೆನ್ನಾಗಿಯೇ ಕೂಗುತ್ತಿತ್ತು. ಎಣ್ಣೆ ಡಬ್ಬಿಯಿಂದ ಕತ್ತರಿಸಿದ ಎರಡು ತಗಡು, ಶಹಾಪುರದ ರೇಡಿಯೋ ಅಂಗಡಿಯ ಬಜರ್, ಸೆಲ್ಲು, ಇಷ್ಟೇ ಬಂಡವಾಳ. ಹುಟ್ಟಿನಿಂದ ಮಾತು ಬಾರದ, ಕೈ ಹಿಡಿತಕ್ಕೆ ಸಿಗದ ಅಂಜನಾ ಹೇಳಿದಂತೆ ಕೇಳುವುದು ಆ ಕಾಲೊಂದೇ. ಒಮ್ಮೆ ಒತ್ತಿದರೆ ಹೌದು. ಎರಡು ಸಲ ಒತ್ತಿದರೆ ಬೇಡ.

ಇದನ್ನು ಹೆಡ್‌ಮಾಸ್ತರ ವಿಶ್ವರಾಧ್ಯರು ಇವತ್ತು ಒಪ್ಪಬೇಕು. ಒಪ್ಪದಿದ್ದರೆ ನಾಳೆಯಿಂದ ಹುಡುಗಿ ಸಗರದ ಈ ಶಾಲೆಗೆ ಬರುವಂತಿಲ್ಲ. ಮನೆಯಲ್ಲೇ ಇರಬೇಕು, ಯಾರಾದರೂ ಆಗಾಗ ಹೋಗಿ ಪಾಠ ಹೇಳಬೇಕು. ಯಾರೂ ಹೋಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ.

"ನಾ ಅಂದಿದ್ನಲ್ಲ ಮ್ಯಾಡಮ್," ಎಂದರು ವಿಶ್ವರಾಧ್ಯರು. "ಪಾಪ, ಕೂಸಿಗಿ ಯಾಕ ತ್ರಾಸ ಕೊಡ್ತೀರಿ?"

"ಜರಾ ತಡೀರಿ ಸರ್."

ಮುಚ್ಚಳ ತೆಗೆದರೆ ಎರಡೂ ತಗಡಿನ ಮೇಲೆ ಒಣಗಿದ ವಿಭೂತಿ, ನಡುವೆ ಕುಂಕುಮ. ಒತ್ತಿದರೂ ತಗಡಿಗೆ ತಗಡು ತಾಗುವಂತಿರಲಿಲ್ಲ. ಮೌನೇಶ್ವರಿ ಸಿಟ್ಟಿನಿಂದ ಬಾಗಿಲ ಕಡೆ ತಿರುಗಿದಳು. ಅಲ್ಲಿ ಅಂಜನಾಳ ತಾಯಿ ಭೀಮಮ್ಮ ನಿಂತಿದ್ದಳು.

"ಹೊಸಾ ಸಾಮಾನಲ್ರಿ ಟೀಚರ್, ಪೂಜಿ ಮಾಡದ ಹ್ಯಾಂಗ ಕಳಸ್ಲಿ? ಒಳಗೂ ಹಚ್ಚಿದ್ರ ಛಲೋ ಅಂತ..."

ಹೊಲದ ಮೋಟರಿಗೂ ಕುಂಕುಮ ಇಡುವ ಜನ. ಒಳಗೆ ಹಚ್ಚಬೇಡವ್ವಾ ಎಂದು ತಾನೇ ಹೇಳಬೇಕಿತ್ತು. ಬೈಯಲು ಹೊತ್ತಿರಲಿಲ್ಲ, ಬ್ಲೇಡಿನಿಂದ ಕೆರೆಯತೊಡಗಿದಳು. ಅವಸರಕ್ಕೆ ಬೆರಳು ಕೊಯ್ದುಕೊಂಡಳು. ವಿಶ್ವರಾಧ್ಯರು ಗಡಿಯಾರ ನೋಡಿ ಎದ್ದು ನಿಂತರು.

"ಈಗ ಒತ್ತವ್ವಾ."

ಪೆಟ್ಟಿಗೆ ಕೂಗಿತು. ಇಡೀ ಕ್ಲಾಸು ಉಸಿರು ಬಿಟ್ಟಿತು.

"ಕಾಲ್ ತಾಕಿದ್ರ ಕೂಗೇ ಕೂಗತದ. ತಿಳದು ಒತ್ತತಾಳೇನು?" ವಿಶ್ವರಾಧ್ಯರು ಹುಡುಗಿಯ ಮುಂದೆ ಬಗ್ಗಿದರು. "ಸಾಲಿ ಬಿಟ್ಟು, ಮನ್ಯಾಗ ಅವ್ವನ ಹತ್ರ ಆರಾಮ ಇರ್ತಿಯೇನವ್ವಾ?"

ತಾಯಿಯ ಎದುರಿಗೇ ಕೇಳುವ ಪ್ರಶ್ನೆಯೇ ಇದು? ಮೌನೇಶ್ವರಿಗೆ ಅಳುವೇ ಬಂತು.

ಅಂಜನಾ ತಾಯಿಯನ್ನು ನೋಡಿದಳು. ಪೆಟ್ಟಿಗೆ ಒಮ್ಮೆ ಕೂಗಿ ಸುಮ್ಮನಾಯಿತು. ವಿಶ್ವರಾಧ್ಯರು ತಲೆಯಾಡಿಸಿ ತಿರುಗುವಷ್ಟರಲ್ಲಿ, ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತಿದಳು.

ಎರಡನೇ ಕೂಗು ಕೇಳಿ ವಿಶ್ವರಾಧ್ಯರು ಭೀಮಮ್ಮನ ಕಡೆ ತಿರುಗಿದರು.

"ನಾಳಿ ಟೈಮಿಗಿ ಕರ್ಕೊಂಡು ಬಾರವ್ವಾ," ಎಂದರು ವಿಶ್ವರಾಧ್ಯರು.

ಭೀಮಮ್ಮನಿಗೆ ಅದು ಕೇಳಿಸಲೇ ಇಲ್ಲ. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಇಲ್ಲಿ ತನ ನಾ ಹಾಕಿದ್ದು ಉಂಡಾಳ್ರಿ, ಮಲಗಿಸಿದಲ್ಲಿ ಮಲಗ್ಯಾಳ," ಎಂದಳು. "ಇವತ್ತ ಮೊದಲ ಸಲ ನನ್ನ ಮಗಳು ನನಗ 'ಬ್ಯಾಡ' ಅಂದಾಳ."