ಸ್ತ್ರೀಗೆ ಆರು ಮನೆ

ಅತ್ತೆ ವಾರಪತ್ರಿಕೆಗೆ ಪದಬಂಧ ಕಟ್ಟುತ್ತಾರೆ. ಇಷ್ಟು ವರ್ಷ ಚೌಕದ ಹಾಳೆ, ಪೆನ್ಸಿಲ್, ರಬ್ಬರ್ ಸಾಕಾಗಿತ್ತು. ಹೊಸ ಸಂಪಾದಕರು ಹಾಳೆ ಮುಟ್ಟುವುದಿಲ್ಲ. ಪದಬಂಧದ ಮುಕ್ತ ತಂತ್ರಾಂಶವೊಂದನ್ನು ಕಚೇರಿಯಲ್ಲಿ ಹಾಕಿಸಿಕೊಂಡು, "ಶುಕ್ರವಾರದೊಳಗೆ ಇದರಲ್ಲೇ ಕಳಿಸಿ, ಇಲ್ಲಾಂದ್ರೆ ಆ ಜಾಗಕ್ಕೆ ಸುಡೊಕು" ಎಂದುಬಿಟ್ಟರು.

ಅತ್ತೆಗೆ ಮೈಯೆಲ್ಲ ಉರಿಯಿತು. ಕುಳಿತು 'ಸ್ತ್ರೀ' ಎಂದು ಟೈಪ್ ಮಾಡಿದರು. ತಂತ್ರಾಂಶ ಆರು ಮನೆ ಕೊಟ್ಟಿತು.

"ಒಂದು ಅಕ್ಷರಕ್ಕೆ ಆರು ಮನೆ! ನಾನು ಮದುವೆಯಾಗಿ ಬಂದಾಗ ಒಂದು ರೂಮಿಗೂ ಗತಿ ಇರ್ಲಿಲ್ಲ."

ಸೊಸೆ ನಕ್ಕಳು. ಜಾವಾ ಕೋಡ್ ಬರೆಯುವುದೇ ಅವಳ ಕೆಲಸ. ಈ ತಂತ್ರಾಂಶವೂ ಜಾವಾದ್ದೇ. ಸ, ತ, ರ, ಎರಡು ಅರ್ಧಾಕ್ಷರದ ಗುರುತು, ಒಂದು ಈಕಾರ: ಅದರ ಲೆಕ್ಕದಲ್ಲಿ ಆರು.

"ನಿನ್ನ ಕಂಪ್ಯೂಟರಲ್ಲೇ ಸರಿ ಮಾಡ್ಬಿಡು."

"ಇಲ್ಲಿ ಸರಿ ಮಾಡಿದ್ರೆ ಇಲ್ಲಿ ಮಾತ್ರ ಸರಿ, ಅತ್ತೆ. ಆಫೀಸಲ್ಲಿ ತೆರೆದ್ರೆ ಮತ್ತೆ ಆರೇ. ಜರಡಿ ಒಪ್ಪಿ ಹೊಸ ಆವೃತ್ತಿ ಬಿಡ್ಬೇಕು."

ಆ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಒಪ್ಪುವುದು, ಬಿಡುವುದು ಅದನ್ನು ನೋಡಿಕೊಳ್ಳುವವನ ಕೈಯಲ್ಲಿ. ತೌಡು ಕಂಡರೆ ವಾಪಸ್ ಕಳಿಸುವ ಅವನಿಗೆ ಬಳಗದವರು ಇಟ್ಟ ಹೆಸರು ಜರಡಿ.

ಒತ್ತಕ್ಷರ ಎಷ್ಟಿದ್ದರೂ ಒಂದೇ ಮನೆ ಎಂಬ ನಿಯಮ ಬರೆದು ಸೊಸೆ ಕಳಿಸಿದಳು. ಜರಡಿಯ ಉತ್ತರ ಬಂತು: "ಟೆಸ್ಟ್ ಎಲ್ಲಿ? ಬಾಯಿಮಾತು ನಂಬೋಕೆ ನಾನೇನು ನಿಮ್ಮ ನೆಂಟನಾ?"

ನಿಯಮವನ್ನು ಪರೀಕ್ಷಿಸಲು ಕಷ್ಟದ ಪದಗಳು ಬೇಕಾದವು. ಅತ್ತೆ ಹುರುಪಿನಿಂದ ಹೇಳತೊಡಗಿದರು: ಉಚ್ಛ್ವಾಸ, ವೈಶಿಷ್ಟ್ಯ, ಕಾರ್ತ್ಸ್ನ್ಯ.

"ಈ ಕೊನೇದನ್ನ ಯಾರಾದ್ರೂ ಬಳಸ್ತಾರಾ?"

"ನಾನು ಬಳಸ್ತೀನಿ. ಓದುಗರನ್ನ ಗೋಳುಹೊಯ್ಕೊಳ್ಳೋಕೆ."

ಎಲ್ಲ ಪಾಸಾದವು. ಬಾಯಿಗೆ ಬಂದಂತೆ ಅತ್ತೆ 'ಸಾಫ್ಟ್‌ವೇರ್' ಎಂದಾಗ ಮಾತ್ರ ಎಡವಟ್ಟಾಯಿತು. ನಾಲ್ಕು ಮನೆ ಬೇಕಾದಲ್ಲಿ ಐದು, ಒಂದು ಖಾಲಿ.

"ಈ ಖಾಲಿ ಮನೆ ಯಾರಿಗೆ ಬಾಡಿಗೆಗೆ ಕೊಟ್ಟಿದ್ದೀಯಮ್ಮ?"

ಸೊಸೆ ಹುಬ್ಬು ಗಂಟಿಕ್ಕಿದಳು. ಬಾಡಿಗೆದಾರ ಸಿಕ್ಕಿಬಿದ್ದದ್ದು ಶುಕ್ರವಾರ ಬೆಳಗ್ಗೆ. 'ಟ'ಕ್ಕೆ 'ವ' ಒತ್ತಾಗಿ ಅಂಟದಿರಲೆಂದು ಟೈಪ್ ಮಾಡುವವರು ನಡುವೆ ಹಾಕುವ, ಕಣ್ಣಿಗೆ ಕಾಣದ ಚಿಹ್ನೆ ಅದು.

"ಕಾಣದೇ ಇರೋನಿಗೂ ಮನೆ ಕೊಟ್ಬಿಟ್ಟಿದ್ದೆ, ಅತ್ತೆ."

"ಬಿಡಿಸು, ಬಿಡಿಸು. ನಂಗೆ ಜಾಗ ಇಲ್ಲ."

ಅವನನ್ನು ಹಿಂದಿನ ಅಕ್ಷರದ ಮನೆಗೇ ಸೇರಿಸಿ, ಪದಗಳನ್ನೆಲ್ಲ ಟೆಸ್ಟುಗಳಾಗಿ ಜೋಡಿಸಿ ಸೊಸೆ ಮತ್ತೆ ಕಳಿಸಿದಳು. ಊಟದ ತಟ್ಟೆ ಎತ್ತುವ ಹೊತ್ತಿಗೆ ಉತ್ತರ ಬಂತು: "ಒಪ್ಪಿದ್ದೇನೆ. ಹೊಸ ಆವೃತ್ತಿ ಬಿಟ್ಟಾಯ್ತು. ಕಾರ್ತ್ಸ್ನ್ಯ ಅಂದ್ರೆ ಏನ್ರೀ?"

ಸಂಪಾದಕರ ಕಚೇರಿಯಲ್ಲಿ ಹೊಸ ಆವೃತ್ತಿ ಹಾಕಿಸಿ, ಪದಬಂಧ ಕಳಿಸಿ, ಇಬ್ಬರೂ ಫೋನಿನ ಮುಂದೆ ಕುಳಿತರು. ಅದು ಸಂಜೆ ಹೊತ್ತಿಗೆ ರಿಂಗಾಯಿತು.

"ಪುಟದಲ್ಲಿ ಸರಿಯಾಗಿ ಕೂತಿದೆ ಅಮ್ಮ. ಮುಂದಿನದು ಬುಧವಾರಾನೇ ಸಿಗುತ್ತಾ?"

"ನೋಡೋಣ," ಎಂದು ಅತ್ತೆ ಗತ್ತಿನಿಂದ ಫೋನ್ ಇಟ್ಟರು. ಆಮೇಲೆ ಕುರ್ಚಿಯನ್ನು ಸೊಸೆಯ ಪಕ್ಕಕ್ಕೆ ಎಳೆದುಕೊಂಡು, "ಏಳ್ಬೇಡ, ಕೂತ್ಕೋ. ಎಡದಿಂದ ಬಲಕ್ಕೆ, ಒಂದನೇದು..." ಎಂದರು.