ನಾಲ್ಕನೆಯ ಪೈಪು

"ಮುಟ್ಟಬೇಡ ಅದನ್ನ," ಎಂದಳು ಅತ್ತಿಗೆ.

ಗ್ಯಾರೇಜಿನವನು ಅಷ್ಟರಲ್ಲಾಗಲೇ ಕಾರಿನ ಕೆಳಗೆ ಅರ್ಧ ತೂರಿದ್ದ. ಅಣ್ಣನ ಸಾವಿಗೆಂದು ಒಗೆದ ಬಿಳಿ ಅಂಗಿ ತೊಟ್ಟು ಬಂದವನು ಈಗ ಗೋಣಿತಟ್ಟಿನ ಮೇಲೆ ಅಂಗಾತ ಮಲಗಿ, ಹಿಂದಿನ ಬಲಚಕ್ರದ ಹತ್ತಿರ ಟಾರ್ಚು ಹಿಡಿದಿದ್ದ.

"ಮುಟ್ಟದೆ ಇನ್ನೇನು ಅತ್ತಿಗೆ, ಮಂತ್ರ ಹಾಕ್ಲಾ?"

ಮನೆಗಿದ್ದದ್ದು ಒಂದೇ ಬಾಗಿಲು. ಬಾಗಿಲ ಮುಂದೆ ಗೇಟಿನವರೆಗೂ ಓಣಿಯಂಥ ಇಳಿಜಾರು. ಆ ಓಣಿಯಲ್ಲಿ, ಗೇಟಿನ ಕಡೆಗೆ ಮೂತಿ ಮಾಡಿಕೊಂಡು, ಜಾಕ್ ಸ್ಟ್ಯಾಂಡಿನ ಮೇಲೆ ಹತ್ತಿ ಕೂತಿತ್ತು ಡ್ರಾಯಿಂಗ್ ಮೇಷ್ಟ್ರಾಗಿದ್ದ ಅಣ್ಣನ ಹಳೇ ಕಾರು. ಕಾರಿಗೂ ಗೋಡೆಗೂ ನಡುವೆ ಮನುಷ್ಯ ಅಡ್ಡಡ್ಡ ನುಸುಳಬಹುದು, ಚಟ್ಟ ನುಸುಳದು. ಮೇಷ್ಟ್ರು ಒಳಗೆ ಮಲಗಿದ್ದರು. ನಿನ್ನೆ ಮಧ್ಯಾಹ್ನ ಮೂರು ಚಕ್ರದ ಬ್ರೇಕ್ ಪೈಪು ಬದಲಾಯಿಸಿ, ನಾಲ್ಕನೆಯದು ಊಟವಾದ ಮೇಲೆ ನೋಡೋಣ ಎಂದು ಕೈ ತೊಳೆಯಲು ಹೋದವರು ನಲ್ಲಿಯ ಹತ್ತಿರವೇ ಕುಸಿದಿದ್ದರು.

"ಹತ್ತು ಜನ ಹಿಡ್ಕೊಂಡು ಇಳಿಸಿದ್ರಾಯ್ತಪ್ಪ. ಗೇರಿಗೆ ಹಾಕಿ ಬಿಡಿ," ಎಂದ ಗೇಟಿನಾಚೆಯಿಂದ ಶವದ ವ್ಯಾನಿನ ಡ್ರೈವರು.

"ಇದರ ಗೇರು ನಿಲ್ಲಲ್ಲ, ಹಾರ್ತದೆ," ಎಂದ ಕಾರಿನ ಕೆಳಗಿನವನು. " ಹ್ಯಾಂಡ್‌ಬ್ರೇಕ್ ತಂತಿನೂ ಬಿಚ್ಚಿಟ್ಟಿದಾನೆ ಪುಣ್ಯಾತ್ಮ. ಕೈಜಾರಿದ್ರೆ ನೀನು ಹನ್ನೊಂದು ಜನಾನ ಒಯ್ಯಬೇಕಾಗ್ತದೆ."

"ನನ್ನ ಗಾಡೀಲಿ ಜಾಗ ಇರೋದು ಒಬ್ಬರಿಗೇ," ಎಂದ ಡ್ರೈವರು.

"ಬೇರೆ ಮೆಕ್ಯಾನಿಕ್ಕನ್ನ ಕರೆಸ್ತೀನಿ," ಎಂದಳು ಅತ್ತಿಗೆ.

"ಇವತ್ತು ಭಾನುವಾರ ಕಣಮ್ಮ," ಎಂದರು ಪಕ್ಕದ ಮನೆಯ ಪೋಸ್ಟ್‌ಮಾಸ್ತರು. "ಯಾರು ಸಿಗ್ತಾರೆ?"

"ಹದಿಮೂರು ವರ್ಷ ಈ ಹೊಸ್ತಿಲು ತುಳಿಯದವನು ಇವತ್ತು ಬಂದ. ಬಂದವನು ಸೀದಾ ಕಾರಿನ ಕೆಳಗೆ ಹೋದ."

"ತುಳಿಯಬೇಡ ಅಂದಿದ್ದು ನೀವು. ಕಾರಿನ ಕೆಳಗೆ ಹೊಸ್ತಿಲು ಇಲ್ವಲ್ಲ," ಎಂದಿತು ಕೆಳಗಿನ ದನಿ. "ಇದೊಂದು ಮುಗಿಸಿ ನಮ್ಮಣ್ಣನಿಗೆ ಹೆಗಲು ಕೊಟ್ಟು ಹೋಗ್ತೀನಿ. ಇನ್ನೇನೂ ಕೇಳಲ್ಲ."

"ಹೆಗಲಂತೆ ಹೆಗಲು! ಅದನ್ನ ಆಮೇಲೆ ನೋಡೋಣ."

ಮೇಷ್ಟ್ರ ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. "ಮಾಡ್ಲಿ ಬಿಡಮ್ಮ," ಎಂದಳು. "ಅಪ್ಪ ಇನ್ನೂ ಎಷ್ಟು ಹೊತ್ತು ಕಾಯ್ಬೇಕು?"

*

ಹದಿಮೂರು ವರ್ಷದ ಹಿಂದೆ ಇದೇ ಕಾರು ತಮ್ಮನ ಗ್ಯಾರೇಜಿನಲ್ಲಿ ನಿಂತಿತ್ತು. ಉಗುರಿನಲ್ಲಿ ಕೆರೆದರೆ ಬ್ರೇಕ್ ಪೈಪಿನ ತುಕ್ಕು ಪುಡಿಪುಡಿಯಾಗಿ ಉದುರುತ್ತಿತ್ತು.

"ನಾಲ್ಕೂ ಹೊಸದು ಹಾಕ್ಬೇಕಣ್ಣ. ಎರಡು ದಿನ ಬಿಟ್ಟು ಹೋಗು."

ಅಣ್ಣ ಹೂಂ ಅನ್ನುವವನೇ. ಅಷ್ಟರಲ್ಲಿ ಮುಂದಿನ ಸೀಟಿನಿಂದ ಅತ್ತಿಗೆ ಕೂಗಿದಳು: "ಬೆಳಗಾದ್ರೆ ನನ್ನ ತಂಗಿ ಮದುವೆ! ಈಗಿಂದೀಗ ಏನಾದ್ರೂ ಮಾಡಿಕೊಡೋ ಮಹಾರಾಯ."

ತಮ್ಮ ಮಹಾರಾಯನಾದ. ಸೋರುವಷ್ಟನ್ನು ಕತ್ತರಿಸಿ, ಒಂದು ತುಂಡು ಕೂಡಿಸಿ ಕಳಿಸಿಕೊಟ್ಟ. ಮರುದಿನ ಒಂದು ಇಳಿಜಾರಿನಲ್ಲಿ, ಕೂಡಿಸಿದ ತುಂಡು ಗಟ್ಟಿಯಾಗಿಯೇ ಇತ್ತು, ಅದರ ಪಕ್ಕದ ಹಳೇ ಪೈಪು ಸೀಳಿತು. ಬ್ರೇಕಿಲ್ಲದ ಕಾರು ರಸ್ತೆಬದಿಗೆ ಅಪ್ಪಳಿಸಿತು. ಹಿಂದಿನ ಸೀಟಿನಲ್ಲಿದ್ದ ಹನ್ನೆರಡು ವರ್ಷದ ಮಗಳ ಕಾಲು, ಒಳಕ್ಕೆ ನುಗ್ಗಿದ ಬಾಗಿಲಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿತು.

ಆಮೇಲೆ ಮೇಷ್ಟ್ರು ಯಾವ ಗ್ಯಾರೇಜಿನ ಮುಖವನ್ನೂ ನೋಡಲಿಲ್ಲ. ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಯುವುದು ಕಲಿಸುತ್ತಿದ್ದ ಕೈಯಲ್ಲಿ ಪೈಪು ಬಗ್ಗಿಸುವುದನ್ನು ತಾವೇ ಕಲಿತರು. ಮೊದಲು ತೆಳು ತಂತಿಯಲ್ಲಿ ಅಚ್ಚು, ಆಮೇಲೆ ಪೈಪು. ಮೂರು ವರ್ಷಕ್ಕೊಮ್ಮೆ, ಕೆಟ್ಟಿರಲಿ ಬಿಡಲಿ, ನಾಲ್ಕನ್ನೂ ಕಿತ್ತು ಹೊಸದು ಹಾಕಲೇಬೇಕು. "ಮೇಷ್ಟ್ರು ಕಾರಿನಲ್ಲಿ ಓಡಾಡಿದ್ದಕ್ಕಿಂತ ಕಾರಿನ ಕೆಳಗೆ ತೆವಳಾಡಿದ್ದೇ ಹೆಚ್ಚು," ಎಂದು ಬೀದಿಯವರು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು. ಪೈಪು ಕೀಳುವುದನ್ನು ಮಾತ್ರ ಬಿಡಲಿಲ್ಲ.

*

ನಾಲ್ಕನೆಯ ಪೈಪು ಗೋಡೆಯ ಮೊಳೆಯಲ್ಲಿ ತಯಾರಾಗಿ ತೂಗುತ್ತಿತ್ತು. ಗ್ಯಾರೇಜಿನವನು ಅದನ್ನು ಬೆಳಕಿಗೆ ಹಿಡಿದ. ಒಂದೊಂದು ಬಾಗೂ ಬರೆದ ಹಾಗಿತ್ತು. ಎರಡೂ ತುದಿಯ ಬಾಯಿ ಅರಳಿಸಿಯಾಗಿತ್ತು. ಎರಡಿರಬೇಕಾದ ನಟ್ಟು ಮಾತ್ರ ಒಂದೇ.

"ಅಯ್ಯೋ ಮುಟ್ಠಾಳ!"

"ಯಾರನ್ನೋ ಅಂದಿದ್ದು? ಹೆಣದ ಮನೇಲಿ ನಿಂತು ಯಾರನ್ನ ಅಂದೆ?"

"ಬಾಯಿ ಅರಳಿಸೋಕೆ ಮುಂಚೆ ನಟ್ಟು ಪೋಣಿಸ್ಬೇಕು ಅತ್ತಿಗೆ. ಅರಳಿಸಿದ ಮೇಲೆ ತೂರಲ್ಲ. ಕೆಲಸಕ್ಕೆ ಸೇರಿದ ವಾರ ಮಾಡೋ ತಪ್ಪು ಇದು." ಪೈಪನ್ನು ತಿರುಗಿಸಿ ನೋಡುತ್ತ ದನಿ ಇಳಿಸಿದ. "ನಾನೂ ಮಾಡ್ತೀನಿ. ಮೊನ್ನೆ ಮಾಡ್ದೆ."

ತುದಿ ಕತ್ತರಿಸಿ, ನಟ್ಟು ಪೋಣಿಸಿ, ಮತ್ತೆ ಅರಳಿಸಿದ. ಪೈಪು ಬೆರಳಗಲ ಗಿಡ್ಡವಾದರೂ ಮುಟ್ಟಬೇಕಾದ ಕಡೆ ಮುಟ್ಟಿತು. ಇನ್ನು ಬ್ರೇಕ್ ಹಿಡಿಯಬೇಕೆಂದರೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು: ಮೇಲೆ ಪೆಡಲು ಒತ್ತಿ ಹಿಡಿಯಲು ಒಬ್ಬರು, ಕೆಳಗೆ ತಿರುಪು ಸಡಿಲಿಸಲು ಒಬ್ಬರು. ಯಾರೂ ಕರೆಯದೆಯೇ ಮಗಳು ಬಂದು ಸೀಟಿನಲ್ಲಿ ಕೂತಳು.

"ಒತ್ತು."

"ಅಪ್ಪ ಮೂರು ಸಲ ಒತ್ಸಿ ಆಮೇಲೆ ಹಿಡಿ ಅಂತಿದ್ರು."

"ಓಹೋ! ಅವನಿಗೆ ಇಷ್ಟೆಲ್ಲ ಕಲಿಸಿದ ಗುರು ಯಾರಮ್ಮ?"

"ನನ್ನ ಕಾಲು."

ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಗ್ಯಾರೇಜಿನವನು ಎಂದ: "ಅವತ್ತು ಅವಸರ ಮಾಡಿದ್ದು ಯಾರು ಅಂತ ನಿಮ್ಮಮ್ಮನ್ನ ಯಾವತ್ತಾದ್ರೂ ಕೇಳಿದೀಯಾ?"

ಪೋಸ್ಟ್‌ಮಾಸ್ತರು ಇಲ್ಲದ ಕೆಮ್ಮು ಕೆಮ್ಮಿದರು.

"ನಾನೇ!" ಎಂದಳು ಅತ್ತಿಗೆ, ಬೀದಿಗೆಲ್ಲ ಕೇಳುವಂತೆ. "ಅವಳಿಗೆ ಆಸ್ಪತ್ರೆಯಲ್ಲೇ ಹೇಳಿದೀನಿ. ನಾನು ಅಂದ್ರೆ ನೀನು ಮಾಡ್ಬಿಡೋದಾ? ನಾನೇನು ಮೆಕ್ಯಾನಿಕ್ಕಾ? ಆಗಲ್ಲ ಅತ್ತಿಗೆ, ಬಸ್ಸಿಗೆ ಹೋಗಿ ಅನ್ನೋಕೆ ನಿನ್ನ ನಾಲಿಗೆಗೆ ಏನು ಬಂದಿತ್ತು?"

ಕೆಳಗೆ ಸ್ಪ್ಯಾನರು ಮತ್ತೆ ತಿರುಪಿಗೆ ಕೂತಿತು. "ಮೂರು ಸಲ ಒತ್ತಿ ಹಿಡಿಯಮ್ಮ," ಎಂದಷ್ಟೇ ಕೇಳಿಸಿತು.

ಗಾಳಿ ತೆಗೆದು, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿದರು. ಇಳಿಜಾರಿನ ಕೊನೆಗೆ, ಗೇಟಿನ ಒಳಗೆ ಓಣಿ ಕೊಂಚ ಅಗಲ. ಕಾರು ಅಲ್ಲಿಗೆ ಇಳಿದರೆ ಪಕ್ಕದಲ್ಲಿ ಚಟ್ಟಕ್ಕೆ ದಾರಿ. ಅತ್ತಿಗೆ ಸೀದಾ ಹೋಗಿ ಗೇಟಿನ ನಟ್ಟನಡುವೆ, ಕಾರಿಗೆ ಎದುರಾಗಿ ನಿಂತಳು.

"ನೀನೇ ಕೂತು ಇಳಿಸು."

"ಪಕ್ಕಕ್ಕೆ ಬನ್ನಿ ಅತ್ತಿಗೆ."

"ಯಾಕೆ? ನಿನ್ನ ಕೆಲಸ ನಿನಗೇ ನಂಬಿಕೆ ಇಲ್ವಾ?"

ಅವನು ಕೂತ. ಪೋಸ್ಟ್‌ಮಾಸ್ತರು ಚಕ್ರದ ಕಲ್ಲು ಎಳೆದರು. ಕಾರು ಕಿರುಗುಡುತ್ತ ಇಳಿಯಿತು, ವೇಗ ಹಿಡಿಯಿತು. ಅತ್ತಿಗೆ ಕದಲಲಿಲ್ಲ. ಅವಳ ಮೊಣಕಾಲಿಗೆ ಒಂದು ಗೇಣು ಇದೆ ಎನ್ನುವಾಗ ನಿಂತಿತು.

ಡ್ರೈವರು ಕಲ್ಲು ಹಿಡಿದು ಚಕ್ರದತ್ತ ಓಡಿಬಂದ. ಅತ್ತಿಗೆ ಕೈ ಅಡ್ಡ ಹಿಡಿದಳು.

"ಕಲ್ಲು ಬೇಡ. ಅವನೇ ಹಿಡ್ಕೊಂಡಿರ್ಲಿ."

"ಅತ್ತಿಗೆ, ಬ್ರೇಕಿನಿಂದ ಕಾಲು ತೆಗೆಯಂಗಿಲ್ಲ... ಅಣ್ಣನಿಗೆ ಹೆಗಲು..."

"ಹಿಡ್ಕೋ."

ಒಳಗಿನಿಂದ ಮೇಷ್ಟ್ರನ್ನು ತಂದರು. ತಮ್ಮ ಹೊರಬೇಕಿದ್ದ ಮುಂದಿನ ಎಡಮೂಲೆ ಖಾಲಿ ಉಳಿಯಿತು. ಮಗಳು ಹೋಗಿ ಹೆಗಲು ಕೊಟ್ಟಳು. ಗ್ಯಾರೇಜಿನವನು ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು, ಕಾಲನ್ನು ಪೆಡಲಿನ ಮೇಲೆ ಬಿಗಿದು ಕೂತಿದ್ದ. ಅವನ ಕಿಟಕಿಯ ಪಕ್ಕದಲ್ಲೇ, ತೋಳು ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮಗಳು ಹೊತ್ತ ಮೂಲೆಯಲ್ಲಿ ಹೆಜ್ಜೆ ಬಿಟ್ಟು ಹೆಜ್ಜೆಗೆ ತಗ್ಗುತ್ತ, ಏಳುತ್ತ, ತಗ್ಗುತ್ತ, ಚಟ್ಟ ದಾಟಿಹೋಯಿತು.