ಮುಂದಿನ ಆದೇಶದವರೆಗೆ

ಗೆದ್ದೆ! ಭೀಮೇಶ ಹೆಲ್ಮೆಟ್ಟಿನೊಳಗೇ ಮತ್ತೊಮ್ಮೆ ಕೂಗಿದ. ಶಲವಡಿಯ ದಾರಿಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಎರಡೂ ಬದಿಗೆ ಕಡಲೆ ಕಿತ್ತ ಎರೆಹೊಲ ಬಿರುಕುಬಿಟ್ಟು ಬಿದ್ದಿತ್ತು.

ಹೆಂಡತಿ ಮಲ್ಲಿಕಾ ಶಲವಡಿಯ ತವರು ಸೇರಿ ಎರಡು ವರ್ಷವಾಗಿತ್ತು. ಅವಳಿಗೆ ಕಲಬುರ್ಗಿಯಲ್ಲಿ ನರ್ಸ್ ನೌಕರಿ ಸಿಕ್ಕಿದೆ, ಮಗಳು ಗಂಗಾಳನ್ನೂ ಕರೆದುಕೊಂಡು ಹೊರಟಿದ್ದಾಳೆ ಎಂದು ತಿಳಿದದ್ದೇ ತಡ, ಭೀಮೇಶ ಕೌಟುಂಬಿಕ ನ್ಯಾಯಾಲಯಕ್ಕೆ ತುರ್ತು ಅರ್ಜಿ ಹಾಕಿದ್ದ. ಇವತ್ತು ಆದೇಶವಾಗಿತ್ತು: ಮುಂದಿನ ಆದೇಶದವರೆಗೆ ಮಗು ತಂದೆಯ ಸುಪರ್ದಿಯಲ್ಲಿ ಇರತಕ್ಕದ್ದು. ಅಣ್ಣಿಗೇರಿಯ ಕಾಲೇಜಿನಲ್ಲಿ ವ್ಯಾಕರಣ ಕಲಿಸುವ ಅವನಿಗೆ 'ಇರತಕ್ಕದ್ದು' ಎಂಬ ಕ್ರಿಯಾಪದ ಇಷ್ಟು ಚೆಂದವೆಂದು ಗೊತ್ತಿರಲಿಲ್ಲ.

ದಾರಿಯುದ್ದಕ್ಕೂ ಜಗಳದ ತಾಲೀಮು ನಡೆಸಿದ. ಅತ್ತೆ ಸಾವಂತ್ರೆವ್ವ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಮಲ್ಲಿಕಾ ಅಳುತ್ತಾಳೆ. ಆಗ ತಾನು, ಅವಸರವಿಲ್ಲದೆ, ಕಾಗದ ಬಿಚ್ಚಿ...

ಬಾಗಿಲು ತೆರೆದೇ ಇತ್ತು.

"ಬರ್ರಿ. ಚಾ ಮಾಡ್ಲೇನ್ರಿ?" ಎಂದಳು ಸಾವಂತ್ರೆವ್ವ.

"ಬ್ಯಾಡ್ರಿ. ಆರ್ಡರ್ ತಂದೀನಿ."

"ನಮ್ಮ ವಕೀಲರು ಫೋನ್ ಮಾಡಿದ್ರು."

ಮಲ್ಲಿಕಾ ಮಗಳ ಬ್ಯಾಗು ಹೊರಗೆ ತಂದಿಟ್ಟಳು. ಕಣ್ಣು ಒಣಗಿದ್ದವು. "ಲೈಟ್ ಆರಿಸಿದ್ರ ಅಂಜತಾಳ. ರಾತ್ರಿ ಮೊಸರು ಹಾಕಬ್ಯಾಡ್ರಿ, ಕೆಮ್ಮು ಬರತೈತಿ."

"ಓದ್ತಿಯೇನು?" ಅವನು ಕಾಗದ ಚಾಚಿದ.

"ಅಕೀ ಕೆಮ್ಮಿನ ಸುದ್ದಿ ಐತೇನ್ರಿ ಅದರಾಗ?"

ಅವನು ಕಾಗದ ಮಡಚಿದ. ಈಗಲಾದರೂ ಅಳುತ್ತಾಳೇನೋ ಎಂದು ಇನ್ನೊಂದು ಗಳಿಗೆ ನಿಂತ. ಮಲ್ಲಿಕಾ ಮಗಳ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದಳು, ಅಷ್ಟೆ.

ಅಣ್ಣಿಗೇರಿಯ ಮನೆ ಮುಟ್ಟಿದಾಗ ಉತ್ಸಾಹ ಮತ್ತೆ ಏರಿತ್ತು. ಹೊಸ ಹಾಸಿಗೆ, ಹೊಸ ಗೊಂಬೆ, ಪೇಡೆ ಎಲ್ಲವನ್ನೂ ತೋರಿಸಿದ. ಗಂಗಾ ತಲೆಯಾಡಿಸಿದಳು. ಅವನು ಗೆಳೆಯರಿಗೆಲ್ಲ ಫೋನ್ ಮಾಡಿದ: "ಕರಕೊಂಡ ಬಂದೆಪಾ! ಅಗದಿ ಸರಳ ಆತು!" ಪ್ರತಿ ಸಲವೂ ಅತ್ತೆ ಬಾಗಿಲಿಗೆ ಅಡ್ಡ ನಿಂತಳೆಂದು ಹೇಳಿದ. ಕೊನೆಯ ಗೆಳೆಯನಿಗೆ, ಮಲ್ಲಿಕಾ ಕಾಲು ಹಿಡಿದಳೆಂದೂ.

ಆಮೇಲೆ ಅನ್ನ ಬಡಿಸಿ, ಮೊಸರಿನ ಗಡಿಗೆ ಎತ್ತಿಕೊಂಡವನು ತಡೆದು ನಿಂತ. ರಾತ್ರಿ ಮೊಸರು ಹಾಕು ಅಂದಿದ್ದಳೋ, ಬೇಡ ಅಂದಿದ್ದಳೋ? ನೆನಪಾಗಲಿಲ್ಲ.

"ಗಂಗಾ!" ಎಂದು ಜೋರಾಗಿ ಕರೆದ.

ಅವಳು ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದಳು. ಅವನೆದುರು ನಿಂತು ಕೈ ಕಟ್ಟಿದಳು. "ಇಲ್ಲೇ ನಿಂದರ್ಲೇನ್ರಿ?"

ಈ 'ರಿ' ಅವನನ್ನು ಚುಚ್ಚಿತು. "ಯಾಕವ್ವಾ, ಕುಂದರು."

"ಕೋರ್ಟಿನಾಗ ಹೆಸರ ಕೂಗಿದಮ್ಯಾಲೆ ಹಿಂಗ ನಿಂದರಬೇಕ್ರಿ. ಆಮ್ಯಾಗ ಮ್ಯಾಲೆ ಕುಂತ ಜಡ್ಜ್ ಸಾಹೇಬ್ರು ಕೇಳ್ತಾರ, ಯಾರ ಕಡೆ ಇರ್ತಿ ಅಂತ."

ಭೀಮೇಶ ನಕ್ಕ. ಗೆದ್ದವನ ಆ ನಗೆ ಸ್ವಲ್ಪ ದೂರ ಓಡಿ ನಿಂತಿತು.

ಅವಳು ಅವನನ್ನು ನೋಡುತ್ತಿರಲಿಲ್ಲ. ಅವನ ತಲೆಯ ಮೇಲೆ, ಬರಿಯ ಸುಣ್ಣದ ಗೋಡೆಯತ್ತ ಮುಖವೆತ್ತಿ, ಅದು ಬಾಯಿ ತೆರೆಯುವುದನ್ನು ಕಾಯುತ್ತಿದ್ದಳು.